ಸಾಕುಬೆಕ್ಕಿನ ಕಣ್ಣುಬೇನೆ: ಮಾಡಬೇಕಾದುದು, ಮಾಡಬಾರದುದು

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಮಾತನ್ನು ನಮ್ಮ ಹಿರಿಯರು ಕಪಟಕ್ಕೆ ಹೋಲಿಕೆಯಾಗಿ ಬಳಸುತ್ತ ಬಂದಿದ್ದಾರೆ. ಆದರೆ ಹಾಡುಹಗಲಿನಲ್ಲಿ ಮನೆಯ ಬೆಕ್ಕು ಒಂದೇ ಕಣ್ಣನ್ನು ಮುಚ್ಚಿಕೊಂಡು ಮೂಲೆ ಸೇರಿದ್ದರೆ ಅದರಲ್ಲಿ ಕಪಟವೇನೂ ಇಲ್ಲ. ಅದು ನೋವು. ಬೆಕ್ಕು ತನ್ನ ಬೇನೆಯನ್ನು ಅಡಗಿಸಿಕೊಳ್ಳುವ ಸ್ವಭಾವದ ಪ್ರಾಣಿ. ನಾಯಿಯಂತೆ ಕುಂಯ್ಗುಟ್ಟುವುದಿಲ್ಲ, ದನದಂತೆ ಮೇವು ಬಿಟ್ಟು ನಿಂತು ನಮ್ಮ ಗಮನ ಸೆಳೆಯುವುದೂ ಇಲ್ಲ. ಆದ್ದರಿಂದ ಅದರ ಕಣ್ಣಿನ ವ್ಯಾಧಿಯನ್ನು ಗುರುತಿಸುವ ಹೊಣೆ ಸಾಕಿದವರ ಮೇಲೆಯೇ ಬೀಳುತ್ತದೆ. ಗುರುತಿಸುವಲ್ಲಿ ನಾಲ್ಕು ದಿನ ತಡವಾದರೆ ದೃಷ್ಟಿಯೇ ಹೋಗಬಹುದೆಂಬುದು ಈ ವಿಷಯದ ಗಾಂಭೀರ್ಯ.

ಮನುಷ್ಯರಿಗೆ ಚಿಕಿತ್ಸೆ ನೀಡುವ ಆಯುರ್ವೇದ ವೈದ್ಯರಾದ ನಾವು ಬೆಕ್ಕಿನ ಕಣ್ಣಿನ ಬಗ್ಗೆ ಬರೆಯುವುದೇಕೆ ಎಂದು ಸದ್ಭಕ್ತರಿಗೆ ಅನಿಸಬಹುದು. ಕಾರಣ ಸರಳವಾಗಿದೆ. ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರಲ್ಲಿ ಹಲವರು ತಮ್ಮ ಔಷಧವನ್ನು ಪಡೆದ ಮೇಲೆ, ಹೊರಡುವ ಮುನ್ನ, "ಡಾಕ್ಟ್ರೇ, ನಮ್ಮ ಬೆಕ್ಕಿನ ಕಣ್ಣು ಪಿಸರುಗಟ್ಟಿದೆ, ತ್ರಿಫಲಾ ನೀರು ಹಾಕಬಹುದೇ?" ಎಂದು ಕೇಳುವುದುಂಟು. ಈ ಪ್ರಶ್ನೆಗೆ ನಾವು ಕೊಡುವ ಉತ್ತರ ಒಂದೇ: ಹಾಕಬೇಡಿ, ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಏಕೆ ಹಾಗೆನ್ನುತ್ತೇವೆ, ವೈದ್ಯರನ್ನು ಕಾಣುವವರೆಗೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೇನೆಯ ಲಕ್ಷಣಗಳು

ಆರೋಗ್ಯವಂತ ಬೆಕ್ಕಿನ ಎರಡೂ ಕಣ್ಣುಗಳು ಸಮನಾಗಿ ತೆರೆದಿರುತ್ತವೆ, ಹೊಳೆಯುತ್ತಿರುತ್ತವೆ. ಎರಡರ ಪಾಪೆಗಳೂ ಒಂದೇ ಅಳತೆಯಲ್ಲಿರುತ್ತವೆ. ಬೆಳಗಿನ ಹೊತ್ತು ಕಣ್ಣಿನ ಮೂಲೆಯಲ್ಲಿ ಒಣಗಿದ ಕಂದು ಬಣ್ಣದ ಪಿಸರು ಚೂರು ಕಂಡರೆ ಭಯಪಡಬೇಕಿಲ್ಲ. ಆದರೆ ನೀರು ಸದಾ ಸುರಿಯುವುದು, ರೆಪ್ಪೆಗಳ ಒಳಪೊರೆ ಕೆಂಪಾಗಿ ಊದಿಕೊಳ್ಳುವುದು, ಹಳದಿ ಅಥವಾ ಹಸಿರು ಬಣ್ಣದ ಕೀವು ಬರುವುದು, ರೆಪ್ಪೆಗಳು ಅಂಟಿಕೊಳ್ಳುವುದು, ಬೆಳಕಿಗೆ ಮುಖ ತಿರುಗಿಸುವುದು, ಮುಂಗಾಲಿನಿಂದ ಕಣ್ಣನ್ನು ಪದೇ ಪದೇ ಉಜ್ಜಿಕೊಳ್ಳುವುದು, ಇವೆಲ್ಲ ಸೋಂಕಿನ ಲಕ್ಷಣಗಳು.

ಬೆಕ್ಕಿಗೆ ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲದೆ ಮೂರನೆಯ ರೆಪ್ಪೆಯೊಂದಿದೆ. ಮೂಗಿನ ಬದಿಯ ಮೂಲೆಯಲ್ಲಿ ಮಡಚಿಕೊಂಡಿರುವ ಈ ಬಿಳಿಚಾದ ಪೊರೆ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಚ್ಚರವಾಗಿರುವಾಗಲೂ ಅದು ಅರ್ಧ ಕಣ್ಣನ್ನು ಮುಚ್ಚಿ ನಿಂತಿದ್ದರೆ ಕಣ್ಣಿನಲ್ಲಿ ನೋವಿದೆ ಎಂದೋ, ದೇಹದಲ್ಲಿ ಬೇರೆ ಕಾಯಿಲೆ ಇದೆ ಎಂದೋ ತಿಳಿಯಬೇಕು. ಕೆಲವರು ಅದನ್ನು ಹೊಸದಾಗಿ ಬೆಳೆದ ಪೊರೆಯೆಂದು ಭಾವಿಸಿ ಬೆರಳಿನಿಂದ ಸರಿಸಲು ಹೋಗುತ್ತಾರೆ. ಹಾಗೆ ಮಾಡಲೇಬಾರದು. ಕಣ್ಣನ್ನು ಕಾಪಾಡಲು ಪ್ರಕೃತಿ ಇಟ್ಟಿರುವ ಪರದೆ ಅದು.

ಕಾರಣಗಳು

ಬೆಕ್ಕುಗಳ ಕಣ್ಣುಬೇನೆಗೆ ಬಹುಪಾಲು ಕಾರಣ ಸೂಕ್ಷ್ಮಾಣುಗಳು. ಅವುಗಳಲ್ಲಿ ಅಗ್ರಸ್ಥಾನ ಬೆಕ್ಕಿನ ಹರ್ಪಿಸ್ ವೈರಾಣುವಿನದು. ಸೀನು, ಮೂಗು ಸೋರುವಿಕೆ, ಜ್ವರ, ಎರಡೂ ಕಣ್ಣುಗಳ ಉರಿಯೂತ ಒಟ್ಟಿಗೆ ಬಂದರೆ ಇದರ ಸಂಶಯ ಬಲವಾಗುತ್ತದೆ. ಈ ವೈರಾಣು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲೆ ಮರದ ಕೊಂಬೆಗಳಂತೆ ಕವಲೊಡೆದ ಹುಣ್ಣುಗಳನ್ನು ಉಂಟುಮಾಡಬಲ್ಲದು. ಇದರ ಇನ್ನೊಂದು ಗುಣವೆಂದರೆ, ಬೇನೆ ಗುಣವಾದ ಮೇಲೂ ವೈರಾಣು ಮುಖದ ನರದ ಬುಡದಲ್ಲಿ ಜೀವನಪೂರ್ತಿ ಅಡಗಿ ಕುಳಿತಿರುತ್ತದೆ. ಬಾಲ್ಯದಲ್ಲಿ ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್ ಬಂದು ಹೋದವರಿಗೆ ಮುಪ್ಪಿನಲ್ಲಿ ಸರ್ಪಸುತ್ತು ಕಾಣಿಸಿಕೊಳ್ಳುವುದಿಲ್ಲವೇ, ಇದೂ ಹಾಗೆಯೇ. ಮನೆ ಬದಲಾದಾಗ, ಹೊಸ ಬೆಕ್ಕು ಬಂದಾಗ, ಹೆರಿಗೆಯಾದಾಗ, ಮನೆಯಲ್ಲಿ ಮದುವೆ ಜಾತ್ರೆಗಳ ಗದ್ದಲವಾದಾಗ ಬೆಕ್ಕಿನ ಮನಸ್ಸು ಕದಡುತ್ತದೆ. ಅದಾದ ಕೆಲವೇ ದಿನಗಳಲ್ಲಿ ಬೇನೆ ಮರುಕಳಿಸುತ್ತದೆ. "ಕಳೆದ ವರ್ಷ ಗುಣವಾಗಿತ್ತು, ಮತ್ತೆ ಬಂದಿದೆ" ಎಂಬ ದೂರಿನ ಹಿಂದಿರುವುದು ಬಹುತೇಕ ಇದೇ.

ಎರಡನೆಯದು ಕ್ಲಮೈಡಿಯಾ ಫೆಲಿಸ್ ಎಂಬ ಬ್ಯಾಕ್ಟೀರಿಯಾ. ಇದು ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಆರಂಭವಾಗಿ ಕೆಲವು ದಿನಗಳಲ್ಲಿ ಇನ್ನೊಂದಕ್ಕೂ ಹರಡುತ್ತದೆ. ಒಳಪೊರೆ ವಿಪರೀತವಾಗಿ ಊದಿಕೊಳ್ಳುವುದು ಇದರ ಗುರುತು. ಇದಕ್ಕೆ ಪಶುವೈದ್ಯರು ಹೊಟ್ಟೆಗೆ ಕೊಡುವ ಆ್ಯಂಟಿಬಯಾಟಿಕ್ ಔಷಧವನ್ನು ಸುಮಾರು 4 ವಾರಗಳ ಕಾಲ ಮುಂದುವರಿಸಬೇಕಾಗುತ್ತದೆ. ಒಂದು ವಾರದಲ್ಲಿ ಕಣ್ಣು ತಿಳಿಯಾಯಿತೆಂದು ನಿಲ್ಲಿಸಿದರೆ ಬೇನೆ ಮರಳುತ್ತದೆ. ಕ್ಯಾಲಿಸಿ ವೈರಾಣು, ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುಗಳೂ ಕಾರಣವಾಗಬಹುದು. ಕ್ಯಾಲಿಸಿ ಸೋಂಕಿನಲ್ಲಿ ನಾಲಿಗೆಯ ಮೇಲೆ ಹುಣ್ಣುಗಳಾಗಿ ಬೆಕ್ಕು ಜೊಲ್ಲು ಸುರಿಸುತ್ತದೆ, ಆಹಾರ ಮುಟ್ಟುವುದಿಲ್ಲ.

ಇವಲ್ಲದೆ ಒಂದೇ ಕಣ್ಣಿಗೆ ದಿಢೀರನೆ ಬೇನೆ ಬಂದರೆ ಹುಲ್ಲಿನ ಮುಳ್ಳು, ಧಾನ್ಯದ ಸುಂಕು, ಇನ್ನೊಂದು ಬೆಕ್ಕಿನ ಉಗುರಿನ ಗಾಯ ಇವುಗಳನ್ನು ಶಂಕಿಸಬೇಕು. ಸುಗ್ಗಿಯ ಕಾಲದಲ್ಲಿ ಕಣದ ಸುತ್ತ, ಕಾಳಿನ ಉಗ್ರಾಣದಲ್ಲಿ ಇಲಿ ಹಿಡಿಯಲು ತಿರುಗುವ ಬೆಕ್ಕುಗಳಿಗೆ ಇದು ಸಹಜ. ಚಪ್ಪಟೆ ಮುಖದ ಪರ್ಷಿಯನ್ ತಳಿಯ ಬೆಕ್ಕುಗಳಿಗೆ ಕಣ್ಣೀರು ಸರಿಯಾಗಿ ಇಳಿದುಹೋಗದೆ ಸದಾ ಸೋರುತ್ತಿರುತ್ತದೆ. ಅವುಗಳ ಕಣ್ಣನ್ನು ದಿನವೂ ಒರೆಸಬೇಕು.

ಮನೆಮದ್ದು ಏಕೆ ಬೇಡ?

ನೇತ್ರಚಿಕಿತ್ಸೆಯಲ್ಲಿ ಆಯುರ್ವೇದದ ಪರಂಪರೆ ದೊಡ್ಡದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳ ವಿವರಣೆ ಇದೆ. ನಾವು ಈಗ ಕಣ್ಣುಬೇನೆ ಎನ್ನುವ ವ್ಯಾಧಿ ಅಲ್ಲಿ ಅಭಿಷ್ಯಂದವೆಂಬ ಹೆಸರಿನಲ್ಲಿ ಬರುತ್ತದೆ. ವಾತ, ಪಿತ್ತ, ಕಫ, ರಕ್ತ ಎಂದು ಅದಕ್ಕೆ 4 ಭೇದಗಳು. ಅದನ್ನು ಉಪೇಕ್ಷಿಸಿದರೆ ಇತರ ನೇತ್ರರೋಗಗಳು ಹುಟ್ಟುತ್ತವೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಔಷಧವನ್ನು ಹನಿಹನಿಯಾಗಿ ಬಿಡುವ ಆಶ್ಚ್ಯೋತನ, ಧಾರೆ ಬಿಡುವ ಸೇಕ, ಕಾಡಿಗೆಯಂತೆ ಹಚ್ಚುವ ಅಂಜನ ಮುಂತಾದ ಕ್ರಮಗಳಿವೆ. ರೆಪ್ಪೆಯ ಹೊರಗೆ ಲೇಪ ಹಚ್ಚುವ ಕ್ರಮಕ್ಕೆ ಬಿಡಾಲಕವೆಂದೇ ಹೆಸರು. ಸಂಸ್ಕೃತದಲ್ಲಿ ಬಿಡಾಲವೆಂದರೆ ಬೆಕ್ಕು. ಕಣ್ಣಿನ ಗುಡ್ಡೆಗೂ ಅದೇ ಪದವಿದೆ. ಹೆಸರು ಕೇಳಿ ಇದು ಬೆಕ್ಕಿಗೆ ಹೇಳಿದ ಚಿಕಿತ್ಸೆಯೆಂದು ಯಾರೂ ತಿಳಿಯಬಾರದು. ಅದು ಮನುಷ್ಯರಿಗೆ ಹೇಳಿದ್ದು.

ಪ್ರಾಣಿಚಿಕಿತ್ಸೆಗೆ ನಮ್ಮಲ್ಲಿ ಬೇರೆಯೇ ಶಾಸ್ತ್ರವಿತ್ತು. ಆನೆಗಳಿಗೆ ಪಾಲಕಾಪ್ಯರ ಹಸ್ತ್ಯಾಯುರ್ವೇದ, ಕುದುರೆಗಳಿಗೆ ಶಾಲಿಹೋತ್ರರ ಪರಂಪರೆ, ಕನ್ನಡದಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮನ ಗೋವೈದ್ಯ. ಒಂದೊಂದು ಪ್ರಾಣಿಗೂ ಒಂದೊಂದು ಗ್ರಂಥವನ್ನು ಪ್ರತ್ಯೇಕವಾಗಿ ರಚಿಸಿದ್ದರಲ್ಲಿಯೇ ಒಂದು ಪಾಠವಿದೆ. ಮನುಷ್ಯರ ಔಷಧ ಆನೆಗೆ, ಆನೆಯ ಔಷಧ ಕುದುರೆಗೆ ಹಾಗೆಯೇ ಒಪ್ಪುವುದಿಲ್ಲ ಎಂಬುದನ್ನು ಪೂರ್ವಿಕರು ಬಲ್ಲವರಾಗಿದ್ದರು.

ಬೆಕ್ಕಿನ ವಿಷಯದಲ್ಲಂತೂ ಈ ಮಾತು ಹೆಚ್ಚು ಸತ್ಯ. ಅನೇಕ ಔಷಧಗಳನ್ನೂ ಗಿಡಮೂಲಿಕೆಗಳ ಸಾರವನ್ನೂ ನಮ್ಮ ಯಕೃತ್ತು ಗ್ಲುಕುರೊನಿಕ್ ಆಮ್ಲದೊಂದಿಗೆ ಬೆಸೆದು ದೇಹದಿಂದ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಈ ಸಾಮರ್ಥ್ಯ ತೀರ ಕಡಿಮೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ನೆಲ ಒರೆಸುವ ಫಿನೈಲ್ ಇವೆಲ್ಲ ಅದಕ್ಕೆ ವಿಷ. ಕಣ್ಣಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುವುದಿಲ್ಲ ಎಂದು ಭಾವಿಸುವಂತಿಲ್ಲ. ಬೆಕ್ಕು ಮುಖವನ್ನು ಕಾಲಿನಿಂದ ಒರೆಸಿ ಆ ಕಾಲನ್ನು ನೆಕ್ಕುತ್ತದೆ.

ಎರಡನೆಯ ಕಾರಣ ಶುದ್ಧತೆ. ಮನೆಯಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿದ ತ್ರಿಫಲಾ ಕಷಾಯವಾಗಲಿ, ನಂದಿಬಟ್ಟಲು ಹೂವಿನ ರಸವಾಗಲಿ ಸೂಕ್ಷ್ಮಾಣುರಹಿತವಲ್ಲ. ಅದರಲ್ಲಿ ಕಣ್ಣಿಗೆ ಕಾಣದ ನಾರು, ಧೂಳು ಇರುತ್ತದೆ. ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರ ಮೇಲೆ ಮೊದಲೇ ಹುಣ್ಣಿದ್ದರೆ ಇಂತಹ ದ್ರವ ಹೊಸ ಸೋಂಕನ್ನು ಒಳಗೆ ಇಳಿಸುತ್ತದೆ. ಜೇನುತುಪ್ಪ, ಎದೆಹಾಲು, ಹರಳೆಣ್ಣೆ, ಪಟಿಕದ ನೀರು, ಪನ್ನೀರು, ಅರಿಶಿನ, ಈರುಳ್ಳಿ ರಸ ಇವುಗಳನ್ನು ಹಾಕುವ ರೂಢಿಯನ್ನೂ ಕೈಬಿಡಬೇಕು. ಈರುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಭಕ್ತಿಯಿಂದ ವಿಭೂತಿಯನ್ನು ಪ್ರಾಣಿಗಳಿಗೂ ಹಚ್ಚುವವರಿದ್ದಾರೆ. ವಿಭೂತಿ ಹಣೆಗೆ ಸೇರಿದ್ದು. ಅದರ ಪುಡಿ ಬೇನೆ ಬಂದ ಕಣ್ಣಿಗೆ ಉದುರದಂತೆ ನೋಡಿಕೊಳ್ಳಬೇಕು.

ಮೂರನೆಯದು, ಮನೆಯ ಕಪಾಟಿನಲ್ಲಿ ಉಳಿದಿರುವ ಮನುಷ್ಯರ ಕಣ್ಣಿನ ಹನಿಗಳು. ನಮಗೆ ಪರಿಚಯದ ಕುಟುಂಬವೊಂದರಲ್ಲಿ ಅಜ್ಜಿಯ ಪೊರೆ ಶಸ್ತ್ರಚಿಕಿತ್ಸೆಯ ನಂತರ ಉಳಿದಿದ್ದ ಹನಿಯನ್ನು ಬೆಕ್ಕಿಗೆ ಹಾಕಿದರು. ಎರಡು ದಿನ ಕೆಂಪು ಇಳಿಯಿತು, ಎಲ್ಲರಿಗೂ ಸಮಾಧಾನವಾಯಿತು. ವಾರ ಕಳೆಯುವುದರೊಳಗೆ ಕಣ್ಣಿನ ನಡುವೆ ಬೂದು ಬಣ್ಣದ ಕಲೆ ಮೂಡಿ, ಕೊನೆಗೆ ಕಾರ್ನಿಯಾ ತೂತಾಯಿತು. ಆ ಕಣ್ಣನ್ನು ಪಶುವೈದ್ಯರು ತೆಗೆಯಬೇಕಾಯಿತು. ಆ ಹನಿಯಲ್ಲಿದ್ದುದು ಸ್ಟಿರಾಯ್ಡ್. ಶಸ್ತ್ರಚಿಕಿತ್ಸೆಯಾದ ಅಜ್ಜಿಯ ಕಣ್ಣಿಗೆ ಅದು ಬೇಕಾದ ಔಷಧ. ಹುಣ್ಣಾದ ಬೆಕ್ಕಿನ ಕಣ್ಣಿಗೆ ಅದು ಹಾನಿಕರ. ಸ್ಟಿರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಆದರೆ ಹುಣ್ಣು ಮಾಯುವುದನ್ನು ತಡೆಯುತ್ತದೆ, ವೈರಾಣುವಿಗೆ ದಾರಿ ಮಾಡಿಕೊಡುತ್ತದೆ. ಹುಣ್ಣಿದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ಪಶುವೈದ್ಯರು ಫ್ಲೋರೆಸೀನ್ ಎಂಬ ಬಣ್ಣವನ್ನು ಹಾಕಿ ನೋಡುತ್ತಾರೆ. ಹುಣ್ಣಿರುವ ಜಾಗ ಹಸಿರಾಗಿ ಹೊಳೆಯುತ್ತದೆ. ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಆದರೆ ಚಿಕಿತ್ಸೆಯ ದಾರಿಯನ್ನು ನಿರ್ಣಯಿಸುವುದು ಅದೇ.

ಕಾನೂನಿನ ದೃಷ್ಟಿಯಿಂದಲೂ ಒಂದು ಮಾತು. 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯ್ದೆಯಂತೆ ಪಶುವೈದ್ಯ ವೃತ್ತಿ ನಡೆಸುವ ಅಧಿಕಾರವಿರುವುದು ನೋಂದಾಯಿತ ಪಶುವೈದ್ಯರಿಗೆ. ನಮ್ಮಂತಹ ಆಯುರ್ವೇದ ವೈದ್ಯರಾಗಲಿ, ಔಷಧದಂಗಡಿಯವರಾಗಲಿ ಬೆಕ್ಕಿಗೆ ಔಷಧ ಬರೆದುಕೊಡುವುದು ಸಲ್ಲದು.

ಮನೆಯ ಶುಶ್ರೂಷೆ

ಹಾಗಾದರೆ ಮನೆಯವರು ಮಾಡಬೇಕಾದದ್ದೇನೂ ಇಲ್ಲವೇ? ಬಹಳವಿದೆ. ಔಷಧ ವೈದ್ಯರದು, ಶುಶ್ರೂಷೆ ಮನೆಯವರದು.

ಮೊದಲನೆಯದು ಕಣ್ಣನ್ನು ಒರೆಸುವುದು. ಕುದಿಸಿ ಆರಿಸಿದ, ಉಗುರುಬೆಚ್ಚಗಿನ ನೀರು ಅಥವಾ ಔಷಧದಂಗಡಿಯಲ್ಲಿ ದೊರೆಯುವ ನಾರ್ಮಲ್ ಸಲೈನ್ ಇದಕ್ಕೆ ಸಾಕು. ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಸ್ವಚ್ಛವಾದ ಹತ್ತಿಯನ್ನು ಅದರಲ್ಲಿ ಅದ್ದಿ ಹಿಂಡಿ, ಒಣಗಿ ಅಂಟಿದ ಪಿಸರಿನ ಮೇಲೆ ಒಂದೆರಡು ನಿಮಿಷ ಇಡಬೇಕು. ಅದು ನೆನೆದು ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಮೂಲೆಯ ಕಡೆಗೆ ನಿಧಾನವಾಗಿ ಒರೆಸಬೇಕು. ಒಮ್ಮೆ ಒರೆಸಿದ ಹತ್ತಿಯನ್ನು ಮತ್ತೆ ಬಳಸಬಾರದು. ಒಂದು ಕಣ್ಣಿನ ಹತ್ತಿ ಇನ್ನೊಂದು ಕಣ್ಣಿಗೆ ತಾಗಬಾರದು. ಒಣಗಿದ ಪಿಸರನ್ನು ಉಗುರಿನಿಂದ ಕೀಳಬಾರದು.

ಎರಡನೆಯದು ವೈದ್ಯರು ಕೊಟ್ಟ ಹನಿ ಹಾಕುವುದು. ಬೆಕ್ಕನ್ನು ದಪ್ಪ ಟವೆಲ್ಲಿನಲ್ಲಿ ಕಾಲುಗಳ ಸಮೇತ ಸುತ್ತಿ, ತಲೆಯನ್ನಷ್ಟೇ ಹೊರಗಿಟ್ಟು ಮಡಿಲಲ್ಲಿ ಕೂರಿಸಿಕೊಳ್ಳಬೇಕು. ಎದುರಿನಿಂದ ಸೀಸೆ ತಂದರೆ ಅದು ಹೆದರುತ್ತದೆ. ಹಿಂದಿನಿಂದ, ತಲೆಯ ಮೇಲಿನಿಂದ ಕೈ ತರಬೇಕು. ಸೀಸೆಯ ತುದಿ ಕಣ್ಣಿಗೆ ತಾಗಬಾರದು. ಎರಡು ಬಗೆಯ ಹನಿಗಳಿದ್ದರೆ ನಡುವೆ 5 ನಿಮಿಷ ಅಂತರವಿರಲಿ, ಮುಲಾಮಿದ್ದರೆ ಅದು ಕೊನೆಗೆ. ದಿನಕ್ಕೆ 4 ಬಾರಿ ಎಂದು ಬರೆದಿದ್ದರೆ 4 ಬಾರಿಯೇ ಹಾಕಬೇಕು. ಹಾಕಿದ ಮೇಲೆ ಅದಕ್ಕೆ ಇಷ್ಟವಾದ ತಿನಿಸನ್ನು ಒಂದಿಷ್ಟು ಕೊಟ್ಟರೆ ಮುಂದಿನ ಸರದಿ ಸುಲಭವಾಗುತ್ತದೆ. ನುಂಗುವ ಮಾತ್ರೆ ಕೊಟ್ಟಿದ್ದರೆ ಅದರ ಹಿಂದೆಯೇ ಸ್ವಲ್ಪ ನೀರನ್ನೋ ಆಹಾರವನ್ನೋ ಕೊಡಬೇಕು. ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿಯೇ ಹುಣ್ಣು ಮಾಡುತ್ತದೆ.

ಮೂರನೆಯದು ಆಹಾರ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದು, ವಾಸನೆ ತಿಳಿಯದಿದ್ದರೆ ಅದು ತಿನ್ನದು. ಆಹಾರವನ್ನು ತುಸು ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆ ಏಳುತ್ತದೆ. ಎರಡು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಒಂದು ಪ್ರಾಣಾಪಾಯವಾಗಬಲ್ಲದು. ಆದ್ದರಿಂದ ಉಪವಾಸವೇ ಮದ್ದು ಎಂಬ ನಮ್ಮ ಲಂಘನದ ತತ್ತ್ವವನ್ನು ಬೆಕ್ಕಿಗೆ ಅನ್ವಯಿಸಬಾರದು.

ತಡಮಾಡಬಾರದ ಸಂದರ್ಭಗಳು

ಕಣ್ಣಿನ ಮೇಲೆ ಬಿಳಿ, ಬೂದು ಅಥವಾ ಕಪ್ಪು ಕಲೆ ಕಂಡರೆ, ಕಣ್ಣನ್ನು ತೆರೆಯಲೇ ಆಗದಿದ್ದರೆ, ಕಣ್ಣೊಳಗೆ ರಕ್ತ ಕಂಡರೆ, ಪಾಪೆಗಳು ಅಸಮವಾಗಿದ್ದರೆ, ಕಣ್ಣುಗುಡ್ಡೆ ಉಬ್ಬಿದ್ದರೆ, ಏನಾದರೂ ಚುಚ್ಚಿಕೊಂಡಿದ್ದರೆ ಆ ದಿನವೇ ಪಶುವೈದ್ಯರಿಗೆ ತೋರಿಸಬೇಕು. ಚುಚ್ಚಿಕೊಂಡ ಮುಳ್ಳನ್ನು ಮನೆಯಲ್ಲಿ ಕೀಳಬಾರದು. ಇವಾವುವೂ ಇಲ್ಲದೆ ಬರಿಯ ಕೆಂಪು ಮತ್ತು ನೀರು ಇದ್ದರೂ 24 ಗಂಟೆಗಳಲ್ಲಿ ಇಳಿಯದಿದ್ದರೆ ತೋರಿಸುವುದು ಕ್ಷೇಮ. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆ ಎತ್ತು ಎಮ್ಮೆಗಳಿಗೆ ಮಾತ್ರ ಎಂಬ ತಪ್ಪುಕಲ್ಪನೆ ಹಳ್ಳಿಗಳಲ್ಲಿದೆ. ಅಲ್ಲಿ ಬೆಕ್ಕನ್ನೂ ನೋಡುತ್ತಾರೆ. ಬೀದರ, ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ.

ಎಳೆಯ ಮರಿಗಳು

ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತದೆ ಎನ್ನುತ್ತಾರೆ. ಆ ದಿನಗಳಲ್ಲಿ ಮರಿಗಳ ಕಣ್ಣು ಮುಚ್ಚಿರುತ್ತದೆ. ಹುಟ್ಟಿದ 7ರಿಂದ 14 ದಿನಗಳಲ್ಲಿ ಕಣ್ಣು ಬಿಡುವುದು ವಾಡಿಕೆ. ಅದಕ್ಕೆ ಮೊದಲೇ ಮುಚ್ಚಿದ ರೆಪ್ಪೆಯ ಹಿಂದೆ ಊತ ಕಂಡರೆ, ಮೂಲೆಯಿಂದ ಕೀವು ಒಸರಿದರೆ, ಒಳಗೆ ಸೋಂಕು ತುಂಬಿದೆ ಎಂದರ್ಥ. ಹೊರಗೆ ಬರಲು ದಾರಿಯಿಲ್ಲದ ಕೀವು ಕಾರ್ನಿಯಾವನ್ನೇ ತಿಂದುಹಾಕುತ್ತದೆ. ಪಶುವೈದ್ಯರು ರೆಪ್ಪೆಗಳನ್ನು ಮೃದುವಾಗಿ ಬಿಡಿಸಿ ತೊಳೆದು ಔಷಧ ಹಾಕುತ್ತಾರೆ. ಬೀದಿಯಲ್ಲಿ ಕಾಣುವ ಕುರುಡು ಬೆಕ್ಕುಗಳಲ್ಲಿ ಅನೇಕವು ಹೀಗೆ ಎಳೆತನದಲ್ಲಿಯೇ ಕಣ್ಣು ಕಳೆದುಕೊಂಡವು. ಸಕಾಲದಲ್ಲಿ ಒಬ್ಬರು ಎತ್ತಿಕೊಂಡು ಹೋಗಿದ್ದರೆ ಅವುಗಳಲ್ಲಿ ಬಹಳಷ್ಟಕ್ಕೆ ಲೋಕ ಕಾಣುತ್ತಿತ್ತು.

ಸಸ್ಯಾಹಾರಿ ಮನೆಯ ಬೆಕ್ಕು

ಇಲ್ಲಿ ನಾವು ಸಂಕೋಚವಿಲ್ಲದೆ ಒಂದು ವಿಷಯವನ್ನು ಹೇಳಬೇಕಾಗಿದೆ. ನಮ್ಮ ಸದ್ಭಕ್ತರ ಮನೆಗಳು ಸಸ್ಯಾಹಾರಿ ಮನೆಗಳು. ಬೆಕ್ಕಿಗೂ ಹಾಲನ್ನ, ರೊಟ್ಟಿ, ಮೊಸರು. ಆದರೆ ಬೆಕ್ಕು ಪ್ರಕೃತಿಯಿಂದ ಮಾಂಸಾಹಾರಿ. ಟಾರಿನ್ ಎಂಬ ಅಂಶ ಅದರ ಕಣ್ಣಿನ ಅಕ್ಷಿಪಟಲಕ್ಕೂ ಹೃದಯಕ್ಕೂ ಅತ್ಯಾವಶ್ಯಕ. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸಲಾಗದು. ಕಾಳು ಬೇಳೆ ಧಾನ್ಯಗಳಲ್ಲಿ ಅದು ಇಲ್ಲ, ಹಾಲಿನಲ್ಲಿ ಇರುವುದು ಸಾಲದು. ಟಾರಿನ್ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಕ್ಷಯಿಸುತ್ತದೆಂಬುದು 1975ರಲ್ಲಿ ಪ್ರಕಟವಾಯಿತು. ಹೃದಯ ಹಿಗ್ಗಿ ದುರ್ಬಲವಾಗುತ್ತದೆಂಬುದು 1987ರಲ್ಲಿ. ಹೀಗೆ ಹೋದ ದೃಷ್ಟಿ ಮರಳಿ ಬಾರದು. ಗಜ್ಜರಿಯಲ್ಲಿರುವ ಕ್ಯಾರೊಟಿನ್ ಅನ್ನು ಎ ಜೀವಸತ್ತ್ವವಾಗಿ ಪರಿವರ್ತಿಸಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಹೊರಗೆ ಇಲಿ ಹಿಡಿದು ತಿನ್ನುವ ಬೆಕ್ಕು ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ನಗರದ ಮನೆಗಳಲ್ಲಿ ಬಾಗಿಲು ಮುಚ್ಚಿ ಸಾಕಿದ ಬೆಕ್ಕಿಗೆ ಆ ದಾರಿಯೂ ಇಲ್ಲ.

ಇದಕ್ಕೆ ಮನೆಯ ಆಚಾರವನ್ನು ಬಿಡಬೇಕಾಗಿಲ್ಲ. ಟಾರಿನ್ ಸೇರಿಸಿದ, ಬೆಕ್ಕಿಗೆಂದೇ ತಯಾರಾದ ಒಣ ಆಹಾರ ಪೊಟ್ಟಣಗಳಲ್ಲಿ ದೊರೆಯುತ್ತದೆ. ಅಡುಗೆಮನೆಯ ಹೊರಗೆ ಅದರ ತಟ್ಟೆಯನ್ನು ಬೇರೆಯಾಗಿ ಇಡಬಹುದು. ನಾಯಿಯ ಆಹಾರ ಅದಕ್ಕೆ ಬದಲಿಯಲ್ಲ, ಅದರಲ್ಲಿ ಟಾರಿನ್ ಸಾಕಷ್ಟಿರದು. ಅದೂ ಮನಸ್ಸಿಗೆ ಒಪ್ಪದವರು ಬೆಕ್ಕನ್ನು ಕಟ್ಟಿಹಾಕಿ ಸಾಕುವ ಮುನ್ನ ಯೋಚಿಸುವುದು ಲೇಸು. ನಮ್ಮ ವ್ರತ ನಾವು ಆರಿಸಿಕೊಂಡದ್ದು; ಬೆಕ್ಕು ಯಾವ ವ್ರತವನ್ನೂ ಹಿಡಿದಿಲ್ಲ. ನಮ್ಮ ನಿಯಮಕ್ಕಾಗಿ ಅದರ ಕಣ್ಣು ಹೋಗುವುದು ದಯೆಯ ಲಕ್ಷಣವಲ್ಲ.

ಮನೆಮಂದಿಯ ಸುರಕ್ಷೆ

ಬೆಕ್ಕಿನ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳು ಮನುಷ್ಯರಿಗೆ ತಗಲುವುದಿಲ್ಲ. ಶಾಲೆಗಳಲ್ಲಿ ಹಬ್ಬುವ ಮದ್ರಾಸ್ ಐ ಬೆಕ್ಕಿನಿಂದ ಬಂದದ್ದಲ್ಲ. ಕ್ಲಮೈಡಿಯಾ ಮಾತ್ರ ಅಪರೂಪಕ್ಕೆ ಮನುಷ್ಯರ ಕಣ್ಣಿಗೆ ಬರಬಹುದು. ಆದ್ದರಿಂದ ಔಷಧ ಹಾಕಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಬೇನೆ ಬಿದ್ದ ಬೆಕ್ಕನ್ನು ಮಕ್ಕಳ ಹಾಸಿಗೆಯಲ್ಲಿ ಮಲಗಿಸಬಾರದು.

ಅದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ನೋವಿನಲ್ಲಿರುವ ಬೆಕ್ಕು ಕಚ್ಚುತ್ತದೆ, ಪರಚುತ್ತದೆ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಬೇಕು. ಗಾಯಕ್ಕೆ ಸುಣ್ಣ, ಅರಿಶಿನ ಹಚ್ಚಿ ಸುಮ್ಮನಾಗಬಾರದು. ರೇಬೀಸ್ ಲಕ್ಷಣ ತೋರಿದ ಮೇಲೆ ಯಾವ ವೈದ್ಯಪದ್ಧತಿಯಲ್ಲಿಯೂ ಅದಕ್ಕೆ ಮದ್ದಿಲ್ಲ. ನಮ್ಮ ಪದ್ಧತಿಯಲ್ಲಿಯೂ ಇಲ್ಲ.

ಬಾರದಂತೆ ತಡೆಯುವುದು

ಹರ್ಪಿಸ್, ಕ್ಯಾಲಿಸಿ ಹಾಗೂ ಪ್ಯಾನ್‌ಲ್ಯುಕೊಪೇನಿಯಾ ಎಂಬ ಮೂರು ರೋಗಗಳಿಗೆ ಒಂದೇ ಲಸಿಕೆ ಇದೆ. ಮರಿಗೆ 6ರಿಂದ 8 ವಾರವಾದಾಗ ಆರಂಭಿಸಿ, 3-4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಕೊಡಿಸಬೇಕು. ಮುಂದಿನ ಪುನರಾವರ್ತನೆಯನ್ನು ವೈದ್ಯರು ಹೇಳುತ್ತಾರೆ. ಈ ಲಸಿಕೆ ಕಣ್ಣುಬೇನೆಯನ್ನು ಸಂಪೂರ್ಣ ತಡೆಯದಿದ್ದರೂ ಅದರ ಉಗ್ರತೆಯನ್ನು ತಗ್ಗಿಸುತ್ತದೆ. ರೇಬೀಸ್ ಲಸಿಕೆ ಪ್ರತ್ಯೇಕ, ಅದೂ ಕಡ್ಡಾಯವಾಗಿ ಬೇಕು. ಹೊಸದಾಗಿ ತಂದ ಬೆಕ್ಕನ್ನು ಹಳೆಯದರ ಜೊತೆ ಬಿಡುವ ಮುನ್ನ 2 ವಾರ ಬೇರೆ ಕೋಣೆಯಲ್ಲಿ ಇರಿಸಬೇಕು. ಒಂದಕ್ಕೆ ಬೇನೆ ಬಂದಾಗ ಊಟದ ತಟ್ಟೆ, ಹಾಸು ಬೇರೆಯಾಗಿರಲಿ. ಹಾಸನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಲಿ.

ಬೆಳಿಗ್ಗೆ ಹಾಲು ಇಡುವಾಗ, ಸಂಜೆ ಬಾಗಿಲು ಮುಚ್ಚುವಾಗ ಒಂದು ಕ್ಷಣ ಬೆಕ್ಕಿನ ಮುಖವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸವಿರಲಿ. ಎರಡು ಕಣ್ಣುಗಳೂ ಸಮವಾಗಿ ತೆರೆದಿವೆಯೇ ಎಂಬುದಷ್ಟೇ ಪ್ರಶ್ನೆ. ಇಲ್ಲವೆಂದಾದರೆ ಕಪಾಟಿನ ಸೀಸೆಗೆ ಕೈ ಹಾಕದೆ, ಹತ್ತಿಯಿಂದ ಒರೆಸಿ, ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರಲ್ಲಿಗೆ ನಡೆಯಿರಿ. ಮೂಕಜೀವಿಗೆ ನಾವು ಮಾಡಬಹುದಾದ ಸೇವೆ ಅದೇ.